ಮೂರು ಸಾವಿರ ಹರದಾರಿ

ನಮ್ಮ ಕಡೆಯ ಕಾಫಿ ಬೆಳೆಗಾರರಿಗೆ ಬ್ರೆಜಿಲ್ ಪರದೇಶವಲ್ಲ, ಪಕ್ಕದ ತೋಟ. ನೆಂಟರ ಮನೆಯ ಮದುವೆಯ ದಿನ ಮರೆತುಹೋಗಬಹುದು. ಬ್ರೆಜಿಲ್‌ನಲ್ಲಿ ಹೂವಿನ ಕಾಲಕ್ಕೆ ಮಳೆ ಬಂತೇ, ಈ ಜುಲೈನಲ್ಲಿ ಫ್ರಾಸ್ಟ್ ಬೀಳುವ ಲಕ್ಷಣವಿದೆಯೇ ಎಂಬುದು ಚಿಕ್ಕಮಗಳೂರು ಬಳಿಯ ನಮ್ಮ ಆಲ್ದೂರಿನ ಹೋಟೆಲಿನ ಬೆಂಚಿನಲ್ಲಿ ಕುಳಿತವರಿಗೆಲ್ಲ ಗೊತ್ತಿರುತ್ತದೆ. 1975ರ ಜುಲೈನಲ್ಲಿ ಅಲ್ಲಿಯ ಪರಾನಾ ರಾಜ್ಯದ ಕಾಫಿ ಗಿಡಗಳು ಹೆಪ್ಪುಗಟ್ಟಿದ ಇಬ್ಬನಿಗೆ ಸಿಕ್ಕಿ ಕರ್ರಗಾದ ಕಥೆಯನ್ನು ನನ್ನ ತಂದೆ ಕಣ್ಣಾರೆ ಕಂಡವರಂತೆ ವರ್ಣಿಸುತ್ತಿದ್ದರು. ಅವರು ಬೆಂಗಳೂರನ್ನು ನೋಡಿದ್ದೇ ಜೀವಮಾನದಲ್ಲಿ ನಾಲ್ಕೈದು ಸಲ. "ಅಲ್ಲಿ ಇಬ್ಬನಿ ಹೆಪ್ಪುಗಟ್ಟಿದರೆ ಇಲ್ಲಿ ಹೊಸ ಜೀಪು" ಎನ್ನುವುದು ಅವರ ಮಾತು, ಅಲ್ಲಿಯ ಬೆಳೆ ಹೋದರೆ ಇಲ್ಲಿಯ ಬೆಲೆ ಏರುತ್ತದಲ್ಲ. ನಮ್ಮ ಮನೆಗೆ ಜೀಪು ಬಂದದ್ದು ಎಷ್ಟೋ ವರ್ಷಗಳ ನಂತರ, ಅದೂ ಹಳೆಯದು.

ಕಾಫಿಯ ಬೆಲೆ ಅಲ್ಲಿಂದ ಇಲ್ಲಿಗೆ ಒಂದು ಗಳಿಗೆಯಲ್ಲಿ ಬರುತ್ತದೆ. ಮನುಷ್ಯ ಇಲ್ಲಿಂದ ಅಲ್ಲಿಗೆ ಹೋಗಲು ಎಷ್ಟು ಹೊತ್ತು ಬೇಕು, ನೋಡಿಯೇ ಬಿಡೋಣ ಎಂಬ ಹುಚ್ಚು ನನಗೆ ಹತ್ತಿದ್ದು ಎರಡು ಬೆಳೆಗೆ ಒಳ್ಳೆಯ ಬೆಲೆ ಸಿಕ್ಕಿ ಬ್ಯಾಂಕಿನ ಸಾಲ ತೀರಿದ ಮೇಲೆ. ಜೊತೆಗೆ ಬಂದವರು ಹಾಸನದ ಭಾವ, ನನ್ನ ಅಕ್ಕನ ಗಂಡ. ಹಾಸನದಲ್ಲಿ ಇಸ್ರೋದವರ ಉಪಗ್ರಹ ನಿಯಂತ್ರಣ ಕೇಂದ್ರವಿದೆಯಲ್ಲ, 1982ರಲ್ಲಿ ಶುರುವಾದದ್ದು, ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಾಫಿಯ ವಿಷಯದಲ್ಲಿ ಅವರಿಗೆ ಲೋಟದಿಂದಾಚೆಗೆ ಆಸಕ್ತಿ ಇಲ್ಲ. ಆದರೆ ದೂರ ಎಂದರೆ ಪ್ರಾಣ.

ವೀಸಾ, ಟಿಕೆಟ್‌ಗಳ ಗೋಳನ್ನು ಬರೆಯುವುದಿಲ್ಲ. ಒಂದನ್ನು ಮಾತ್ರ ಹೇಳಬೇಕು: ಬ್ರೆಜಿಲ್‌ಗೆ ಹೋಗಿ ಬರುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಲೇಬೇಕು, ಅದೂ ಹೊರಡಲು ಹತ್ತು ದಿನ ಮೊದಲೇ. ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ನಮ್ಮ ದೇಶದಲ್ಲೇ ನಮ್ಮನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಕೂಡಿಹಾಕಬಹುದು. ಭಾವನಿಗೆ ಅರವತ್ತು ದಾಟಿದ್ದರಿಂದ ವೈದ್ಯರು ಎರಡೆರಡು ಸಲ ತಪಾಸಣೆ ಮಾಡಿಯೇ ಸೂಜಿ ಚುಚ್ಚಿದರು.

ಮೊದಲ ದಿನ: ಆಲ್ದೂರು, ಹಾಸನ, ದೇವನಹಳ್ಳಿ

ಜೂನ್ ಎರಡನೆಯ ವಾರ. ಮಳೆ ಹಿಡಿದು ಮೂರು ದಿನವಾಗಿತ್ತು. ನೆರಳು ಮರಗಳ ಕೊಂಬೆ ಸವರುವ ಮರಗಸಿ, ಗೊಬ್ಬರ ಎರಡೂ ಮುಗಿದಿದ್ದರಿಂದ ತೋಟವನ್ನು ಲೆಕ್ಕಪತ್ರ ನೋಡುವ ರೈಟರ್‌ಗೆ ಒಪ್ಪಿಸಿ ಸಂಜೆ ಆರಕ್ಕೆ ಸರಿಯಾಗಿ ಮನೆ ಬಿಟ್ಟೆ. ಹೊರಡುವಾಗ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ದಿನಾ ಬೆಳಿಗ್ಗೆ ಎಂಟಕ್ಕೆ ಮಳೆಮಾಪಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡು."

"ತಲುಪಿದ ಮೇಲೆ ಫೋನ್ ಮಾಡುವುದನ್ನು ನೀವು ಮರೆಯಬೇಡಿ. ಮಳೆ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದಳು.

ಚಿಕ್ಕಮಗಳೂರು, ಬೇಲೂರು ದಾಟಿ ಹಾಸನ ತಲುಪಿದಾಗ ಎಂಟು ಗಂಟೆ. ಊಟದ ಮನೆಯ ಮೇಜಿನ ಮೇಲೆ ತಟ್ಟೆಗಳಿಗೆ ಜಾಗವಿರಲಿಲ್ಲ. ನಡುವೆ ಮೊಮ್ಮಗನ ಭೂಗೋಳವನ್ನಿಟ್ಟುಕೊಂಡು ಭಾವ ಕುಳಿತಿದ್ದರು. ಕೈಯಲ್ಲಿ ಅಕ್ಕನ ಹೊಲಿಗೆ ಡಬ್ಬಿಯ ಕೆಂಪು ದಾರ.

"ನೋಡು ಮಾರಾಯ," ಎಂದರು, ಬಾ ಕೂರು ಎಂದೂ ಹೇಳದೆ. "ಗೋಡೆಯ ಮೇಲಿನ ನಕ್ಷೆಯಲ್ಲಿ ದೂರ ಅಳೆಯಬಾರದು. ಗುಂಡಗಿರುವುದನ್ನು ಚಪ್ಪಟೆ ಮಾಡಿದ ಮೇಲೆ ಅದು ಸುಳ್ಳು ಹೇಳಲೇಬೇಕು. ದಾರವನ್ನು ಹೀಗೆ ಬಿಗಿಯಾಗಿ ಎಳೆ. ಇದೇ ಅತ್ಯಂತ ಹತ್ತಿರದ ದಾರಿ."

ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಬ್ರೆಜಿಲ್‌ನ ಸಾವೊ ಪಾಲೊ ಮೇಲೆ ಎಳೆದರು. ದಾರ ಅರಬ್ಬಿ ಸಮುದ್ರವನ್ನು ಓರೆಯಾಗಿ ದಾಟಿ, ಸೊಮಾಲಿಯಾದ ಕರಾವಳಿಯ ಹತ್ತಿರ ಭೂಮಧ್ಯರೇಖೆಯನ್ನು ಕತ್ತರಿಸಿ, ಟಾಂಜಾನಿಯಾ, ಕಾಂಗೋ, ಅಂಗೋಲಾಗಳ ಮೇಲೆ ಹಾದು ಅಟ್ಲಾಂಟಿಕ್‌ಗೆ ಇಳಿಯಿತು. ಭಾವ ಗುರುತಿನ ಜಾಗದಲ್ಲಿ ಗಂಟು ಹಾಕಿ ಅಡಿಪಟ್ಟಿಯ ಮೇಲಿಟ್ಟರು. ಮೂವತ್ತನಾಲ್ಕು ಸೆಂಟಿಮೀಟರಿಗೆ ಒಂದು ಕೂದಲು ಕಡಿಮೆ. ಲೆಕ್ಕ ಹಾಕಿದರೆ ಸುಮಾರು 14,050 ಕಿಲೋಮೀಟರ್.

ಆದರೆ ದಾರ ಹೋದ ದಾರಿಯಲ್ಲಿ ವಿಮಾನವಿಲ್ಲ. ನಾವು ದುಬೈ ಮೇಲೆ ಹೋಗಬೇಕಿತ್ತು: ಬೆಂಗಳೂರಿನಿಂದ ದುಬೈಗೆ 2,700, ಅಲ್ಲಿಂದ ಸಾವೊ ಪಾಲೊಗೆ 12,200. ಒಟ್ಟು 14,900. ಹೋಗಬೇಕಾದದ್ದು ನೈಋತ್ಯಕ್ಕೆ, ಮೊದಲು ಹೊರಡುವುದು ವಾಯವ್ಯಕ್ಕೆ. ಸುತ್ತಿ ಬಳಸಿ ಮೂಗು ಹಿಡಿಯುವುದಕ್ಕೆ ಎಂಟುನೂರೈವತ್ತು ಕಿಲೋಮೀಟರ್ ದಂಡ ಎಂದು ಭಾವ ಗೊಣಗಿದರು. ವಿಮಾನಕ್ಕೆ ಅಷ್ಟು ದೂರ ಹಾರುವ ತ್ರಾಣವಿಲ್ಲವೇ ಎಂದು ಕೇಳಿದೆ. ಧಾರಾಳವಾಗಿ ಇದೆಯಂತೆ, ಸಿಂಗಪುರದಿಂದ ನ್ಯೂಯಾರ್ಕಿಗೆ 15,300 ಕಿಲೋಮೀಟರ್ ಎಲ್ಲೂ ಇಳಿಯದೆ ಹಾರುತ್ತಾರೆ. ಇಲ್ಲದಿರುವುದು ಬೆಂಗಳೂರಿನಿಂದ ಸಾವೊ ಪಾಲೊಗೆ ದಿನಾ ಮುನ್ನೂರು ಜನ.

ಮೂಲೆಯಲ್ಲಿ ಮಂಚದ ಮೇಲೆ ಕುಳಿತಿದ್ದ ಭಾವನ ತಾಯಿ, ಎಂಬತ್ತೈದರ ಅಜ್ಜಿ, ಇಷ್ಟು ಹೊತ್ತೂ ಕೇಳಿಸಿಕೊಂಡು, "ಹರದಾರಿ ಲೆಕ್ಕದಲ್ಲಿ ಎಷ್ಟಪ್ಪ?" ಎಂದರು.

ಹರದಾರಿ ಎಂದರೆ ಮೂರು ಮೈಲಿ. ಭಾವ ಒಂದು ಕ್ಷಣ ಕಣ್ಣು ಮುಚ್ಚಿದರು. "ಹತ್ತಿರ ಹತ್ತಿರ ಮೂರು ಸಾವಿರ ಹರದಾರಿ ಅಮ್ಮ."

"ಹಾಗಾದರೆ ಬುತ್ತಿ ಜಾಸ್ತಿ ಕಟ್ಟು" ಎಂದು ಅಜ್ಜಿ ಸೊಸೆಗೆ ಹೇಳಿದರು. ಅಕ್ಕ ಆಗಲೇ ಅಕ್ಕಿರೊಟ್ಟಿ, ಚಟ್ನಿಪುಡಿ, ಒಂದು ಡಬ್ಬಿ ಕೋಡುಬಳೆ ಕಟ್ಟಿಯಾಗಿತ್ತು.

ಒಂಬತ್ತಕ್ಕೆ ಹಾಸನ ಬಿಟ್ಟೆವು. ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣವಾಗುತ್ತದೆ ಎಂಬ ಮಾತನ್ನು ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಕೇಳುತ್ತಿದ್ದೇನೆ. ಭಾವ ಕಿಟಕಿಯಿಂದ ಆ ದಿಕ್ಕಿಗೆ ಒಮ್ಮೆ ನೋಡಿ ಏನೂ ಹೇಳಲಿಲ್ಲ. ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ, ದೊಡ್ಡಬಳ್ಳಾಪುರ. ದೇವನಹಳ್ಳಿಯ ನಿಲ್ದಾಣದ ಬಾಗಿಲಲ್ಲಿ ಇಳಿದಾಗ ಹನ್ನೆರಡು ಮುಕ್ಕಾಲು. ವಿಮಾನ ನಾಲ್ಕೂವರೆಗೆ.

ಎರಡನೆಯ ದಿನ: ಮುಗಿಯದ ಹಗಲು

ಭಾವನ ಬಳಿ ಸೊಸೈಟಿಯವರು ಕೊಟ್ಟ ಡೈರಿಯೊಂದಿತ್ತು. ಅದರಲ್ಲಿ ಎರಡು ಕಾಲಂ ಎಳೆದಿದ್ದರು: ಹಾಸನದ ಹೊತ್ತು, ಅಲ್ಲಿಯ ಹೊತ್ತು. ಪ್ರಯಾಣದುದ್ದಕ್ಕೂ ಕೈಗಡಿಯಾರದ ಮುಳ್ಳು ತಿರುಗಿಸಲು ಅವರು ಒಪ್ಪಲಿಲ್ಲ. "ಊರೂರಿಗೆ ಗಡಿಯಾರ ಬದಲಾಯಿಸಿದರೆ ಲೆಕ್ಕ ಕೆಡುತ್ತದೆ" ಎನ್ನುವುದು ಅವರ ವಾದ. ಅದು ಸರಿಯೇ. ಟಿಕೆಟ್ಟಿನಲ್ಲಿ ನಾಲ್ಕೂವರೆಗೆ ಹೊರಟು ಏಳಕ್ಕೆ ದುಬೈ ಎಂದು ಬರೆದಿರುತ್ತದೆ. ಎರಡೂವರೆ ಗಂಟೆಯ ದಾರಿ ಎಂದು ಯಾರಾದರೂ ಮೋಸ ಹೋಗಬೇಕು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ನಿಜವಾದ ಹೊತ್ತು ನಾಲ್ಕು ಗಂಟೆ.

ಆ ನಾಲ್ಕು ಗಂಟೆಯೂ ಪೂರ್ತಿ ಹಾರಾಟದ್ದಲ್ಲ. ಬಾಗಿಲು ಮುಚ್ಚಿ ವಿಮಾನ ತನ್ನ ಜಾಗದಿಂದ ಹಿಂದೆ ಸರಿದ ಗಳಿಗೆಯಿಂದ, ಇಳಿದು ಇನ್ನೊಂದು ಜಾಗದಲ್ಲಿ ನಿಲ್ಲುವ ಗಳಿಗೆಯವರೆಗೆ ಲೆಕ್ಕ. ದೇವನಹಳ್ಳಿಯಲ್ಲಿ ಅದು ಸರಿದ ಮೇಲೆ ಚಕ್ರ ನೆಲ ಬಿಡುವುದಕ್ಕೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ಭಾವ ಬರೆದುಕೊಂಡರು. ನಾನು ನಿದ್ದೆ ಹೋದೆ.

ಎಚ್ಚರವಾದಾಗ ಹಿಂದಿನ ಕಿಟಕಿಗಳಲ್ಲಿ ಕೆಂಪು. ಸೂರ್ಯ ನಮ್ಮ ಬೆನ್ನ ಹಿಂದೆ ಹುಟ್ಟುತ್ತಿದ್ದ. ಹಾಸನದ ಗಡಿಯಾರದಲ್ಲಿ ಆರು ಮುಕ್ಕಾಲು. ಈ ಸೂರ್ಯ ಇನ್ನು ಹತ್ತೊಂಬತ್ತು ಗಂಟೆ ಮುಳುಗುವುದಿಲ್ಲ ಎಂಬ ಅಂದಾಜು ಆಗ ನನಗಿರಲಿಲ್ಲ.

ದುಬೈ ನಿಲ್ದಾಣದ ಬಗ್ಗೆ ಬರೆಯುವಂಥದ್ದೇನಿಲ್ಲ. ನೆಲ ಹೊಳೆಯುತ್ತದೆ, ಕಾಫಿ ತುಟ್ಟಿ. ಎರಡು ಗಂಟೆಯಲ್ಲಿ ಮತ್ತೆ ವಿಮಾನದಲ್ಲಿದ್ದೆವು. ಅಲ್ಲಿಯ ಒಂಬತ್ತು ಗಂಟೆ ಐದು ನಿಮಿಷಕ್ಕೆ ಹೊರಟು ಅದೇ ದಿನ ಸಂಜೆ ಐದೂ ಐದಕ್ಕೆ ಸಾವೊ ಪಾಲೊ. ಗಡಿಯಾರದ ಪ್ರಕಾರ ಎಂಟು ಗಂಟೆ, ಸೊಂಟದ ಪ್ರಕಾರ ಹದಿನೈದು.

ಮುಂದಿನ ಸೀಟಿನ ಬೆನ್ನಿಗಿದ್ದ ಪರದೆಯಲ್ಲಿ ಸಿನಿಮಾಗಳ ಪಟ್ಟಿಯನ್ನು ಭಾವ ತೆರೆಯಲೂ ಇಲ್ಲ. ಹದಿನೈದು ಗಂಟೆಯೂ ವಿಮಾನದ ನಕ್ಷೆ. ದುಬೈಯಿಂದ ಸಾವೊ ಪಾಲೊಗೆ ದಾರ ಎಳೆದರೆ ಅದು ಸೌದಿ ಅರೇಬಿಯಾ, ಕೆಂಪು ಸಮುದ್ರ ದಾಟಿ ಸುಡಾನಿನ ನಟ್ಟನಡುವೆ ಹಾದು, ಚಾಡ್, ಕ್ಯಾಮರೂನ್ ಮೇಲಿಂದ ಕಡಲಿಗೆ ಬೀಳುತ್ತದೆ. ಮನೆಯಲ್ಲೇ ಅಳೆದು ಡೈರಿಯಲ್ಲಿ ಬರೆದುಕೊಂಡಿದ್ದರು. ಪರದೆಯ ಮೇಲಿನ ಪುಟ್ಟ ವಿಮಾನ ಮಾತ್ರ ಕೆಂಪು ಸಮುದ್ರ ದಾಟಿದ ಮೇಲೆ ದಾರ ಬಿಟ್ಟು ದಕ್ಷಿಣಕ್ಕೆ, ಇಥಿಯೋಪಿಯಾದ ಕಡೆಗೆ ಬಾಗತೊಡಗಿತು. ಭಾವ ನನ್ನನ್ನು ತಿವಿದು ಎಬ್ಬಿಸಿದರು.

"ಪೈಲಟ್ ದಾರಿ ತಪ್ಪಿದನೇ?" ಎಂದೆ.

"ತಪ್ಪಿದ್ದಲ್ಲ. ಕೆಳಗೆ ಯುದ್ಧ."

2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದ ಮೇಲೆ ಆ ದೇಶದ ಆಕಾಶವನ್ನು ಪ್ರಯಾಣಿಕ ವಿಮಾನಗಳಿಗೆ ಮುಚ್ಚಿದರು. ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ, ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಬೇಲಿಯಿಲ್ಲದ ನೀಲಿಯಲ್ಲಿ, ನಾವು ಒಂದು ದೇಶದ ಬೇಲಿಯನ್ನು ಸುತ್ತು ಹಾಕಿ ಹೋದೆವು. ಕಿಟಕಿಯಿಂದ ನೋಡಿದರೆ ಕಂದು ನೆಲ, ಮೋಡದ ನೆರಳು, ಅಷ್ಟೇ. ಭಾವ ಡೈರಿಯ ಹಳೆಯ ಗೆರೆಯನ್ನು ಹೊಡೆದುಹಾಕಿ ಸುಮ್ಮನೆ ಕುಳಿತರು. ಎರಡು ನಿಲ್ದಾಣಗಳ ನಡುವಿನ ದೂರ ಎಂದು ಎಲ್ಲರೂ ಹೇಳುವ ಅಂಕಿ ದಾರದ ದೂರ. ವಿಮಾನ ಹಾರುವುದು ಗಾಳಿ ಬಿಟ್ಟ ಕಡೆ, ಆಕಾಶ ತೆರೆದ ಕಡೆ. ಅದು ದಿನಕ್ಕೊಂದು.

ಗಾಳಿಯ ವಿಷಯವನ್ನು ಅವರು ಕೋಡುಬಳೆ ಕಡಿಯುತ್ತ ವಿವರಿಸಿದರು. ನಮ್ಮ ಮುಂಗಾರಿನ ತಿಂಗಳುಗಳಲ್ಲಿ ಭಾರತದಿಂದ ಆಫ್ರಿಕಾದ ಕಡೆಗೆ ಬಹಳ ಎತ್ತರದಲ್ಲಿ ಪೂರ್ವದ ಗಾಳಿ ಬೀಸುತ್ತದೆ, ಪಶ್ಚಿಮಕ್ಕೆ ಹೋಗುವವರನ್ನು ಹಿಂದಿನಿಂದ ತಳ್ಳುತ್ತದೆ. ಅಟ್ಲಾಂಟಿಕ್ ದಾಟಿ ಬ್ರೆಜಿಲ್ ಹತ್ತಿರವಾದಂತೆ, ಅಲ್ಲಿ ಚಳಿಗಾಲವಾದ್ದರಿಂದ, ಪಶ್ಚಿಮದ ಗಾಳಿ ಎದುರಾಗುತ್ತದೆ. ಸರಿಯಾಗಿ ಹಾಗೆಯೇ ಆಯಿತು. ಆಫ್ರಿಕಾದ ಮೇಲೆ ಗಂಟೆಗೆ ಒಂಬೈನೂರು ದಾಟಿದ್ದ ವೇಗ ಕೊನೆಯ ಎರಡು ಗಂಟೆ ಎಂಟುನೂರರ ಆಸುಪಾಸಿಗೆ ಇಳಿಯಿತು. ಕಾಫಿ ಮೂಟೆ ಹೊತ್ತು ಏರು ಹತ್ತುವವನಂತೆ.

ಭೂಮಧ್ಯರೇಖೆ ದಾಟಿದ್ದು ಯಾರಿಗೂ ತಿಳಿಯಲಿಲ್ಲ. ಪರದೆಯ ಮೇಲೆ 'ಉ' ಇದ್ದದ್ದು 'ದ' ಆಯಿತು ಎಂದು ಭಾವ ಹೇಳಿದರು. ಮುಂಗಾರಿನಲ್ಲಿ ಹೊರಟವರು ಹೀಗೆ ಕುಳಿತಲ್ಲೇ ಚಳಿಗಾಲಕ್ಕೆ ಬಂದೆವು. ಕೆಳಗೆ ಅಟ್ಲಾಂಟಿಕ್, ಮೇಲೆ ಅದೇ ಬೆಳಗಿನ ಸೂರ್ಯ. ನಾವು ಅವನ ಹಿಂದೆ ಓಡುತ್ತಿದ್ದೆವು, ಅವನು ನಮಗಿಂತ ಜೋರಾಗಿ ಓಡುತ್ತಿದ್ದ. ಪರಿಚಾರಕಿಯರು ಕಿಟಕಿಯ ಪರದೆ ಎಳೆದು ರಾತ್ರಿ ಮಾಡಿದರು. ಸಂದಿಯಲ್ಲಿ ಬೆಳಕಿನ ಸಣ್ಣ ಗೆರೆ ಉಳಿದೇ ಇತ್ತು. ಮೂರನೆಯ ಸಲ ಊಟ ಕೊಟ್ಟಾಗ ಅದು ಬೆಳಗಿನ ತಿಂಡಿಯೋ ರಾತ್ರಿಯ ಊಟವೋ ಹೊಟ್ಟೆಗೆ ಗೊತ್ತಾಗಲಿಲ್ಲ. ಅಕ್ಕಿರೊಟ್ಟಿ ಬಿಚ್ಚಿದೆವು. ಪಕ್ಕದ ಸೀಟಿನ ಬ್ರೆಜಿಲ್ ಹೆಂಗಸಿಗೂ ಒಂದು ತುಂಡು ಕೊಟ್ಟೆವು. ಚಟ್ನಿಪುಡಿ ಬೇಡವೆಂದರೂ ಕೇಳದೆ ಹಾಕಿಕೊಂಡು, ಆಮೇಲೆ ಎರಡು ಲೋಟ ನೀರು ಕುಡಿದರು.

ಇಳಿದಾಗ ಹಾಸನದ ಗಡಿಯಾರದಲ್ಲಿ ರಾತ್ರಿ ಒಂದೂ ಮೂವತ್ತೈದು, ಕಿಟಕಿಯಾಚೆ ಸಂಜೆಯ ಹೊಂಬಿಸಿಲು. ಸಾಲಿನಲ್ಲಿ ನಿಂತಿದ್ದಾಗಲೇ ಭಾವ ಲೆಕ್ಕ ಮುಗಿಸಿದರು. ಆಲ್ದೂರಿನ ಅಂಗಳದಿಂದ ಮೂವತ್ತೊಂದು ಗಂಟೆ ಮೂವತ್ತೈದು ನಿಮಿಷ. ಅದರಲ್ಲಿ ವಿಮಾನದೊಳಗೆ ಹತ್ತೊಂಬತ್ತು. ಉಳಿದ ಹನ್ನೆರಡೂವರೆ ಗಂಟೆ ರಸ್ತೆ, ಊಟ, ಸಾಲು, ಬೆಂಚು. ನಿಲ್ದಾಣ ಇರುವ ಗ್ವಾರುಲ್ಯೋಸ್ ಸರಿಸುಮಾರು ಮಕರ ಸಂಕ್ರಾಂತಿ ವೃತ್ತದ ಮೇಲೆಯೇ ಇದೆ ಎಂದು ಅವರು ಹೇಳುತ್ತಿದ್ದರು. ನನಗೆ ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ.

ಮೂರನೆಯ ದಿನ: ಸ್ಯಾಂಟೋಸ್

ರಾತ್ರಿ ಎರಡಕ್ಕೆ ಎಚ್ಚರ. ಊರಿನಲ್ಲಿ ಹತ್ತೂವರೆ, ತೋಟದಲ್ಲಿ ಒಂದು ಸುತ್ತು ಮುಗಿಯುವ ಹೊತ್ತು. ಭಾವ ಆಗಲೇ ಹಾಸಿಗೆಯ ಮೇಲೆ ಪದ್ಮಾಸನ ಹಾಕಿ ಕುಳಿತಿದ್ದರು. ಬೆಳಕು ಹರಿಯುವವರೆಗೆ ಇಬ್ಬರೂ ಕೋಡುಬಳೆ ತಿಂದೆವು.

ಸ್ಯಾಂಟೋಸ್ ಬಂದರು ಸಾವೊ ಪಾಲೊದಿಂದ ಎಪ್ಪತ್ತೈದು ಕಿಲೋಮೀಟರ್ ಆಸುಪಾಸು. ನಗರ ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಎತ್ತರದಲ್ಲಿದೆ, ಬಂದರು ಕೆಳಗೆ. ನಡುವೆ ಕಾಡು ಮುಚ್ಚಿದ ಘಟ್ಟ, ಮಂಜು. ಚಾರ್ಮಾಡಿಯೇ. ಸುರಂಗ ಕೊರೆದು ರಸ್ತೆಯನ್ನು ನೇರ ಮಾಡಿದ್ದಾರೆ, ಅದೊಂದೇ ವ್ಯತ್ಯಾಸ. ಈ ಘಟ್ಟ ಇಳಿಸಲೆಂದೇ ಇಂಗ್ಲಿಷರ ಕಂಪನಿಯೊಂದು 1867ರಲ್ಲಿ ರೈಲು ಹಾಕಿತ್ತು, ಕಾಫಿಗಾಗಿ.

ಬಂದರಿನ ಹಳೆಯ ಪೇಟೆಯಲ್ಲಿ 1922ರಲ್ಲಿ ತೆರೆದ ಕಾಫಿ ವಿನಿಮಯ ಕೇಂದ್ರದ ಕಟ್ಟಡ ಈಗ ಕಾಫಿ ವಸ್ತುಸಂಗ್ರಹಾಲಯ. ನಡುವಿನ ಸಭಾಂಗಣದಲ್ಲಿ ಸುತ್ತಲೂ ಕಪ್ಪು ಮರದ ಕುರ್ಚಿಗಳು, ಮೇಲೆ ಬಣ್ಣದ ಗಾಜಿನ ಸೂರು. ಇಲ್ಲಿ ಕುಳಿತು ಬೆಲೆ ಕೂಗುತ್ತಿದ್ದರು. ಒಂದು ಕುರ್ಚಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ನನ್ನ ಅಜ್ಜ ಯಾವುದೋ ವರ್ಷ ಬೆಲೆ ಕುಸಿದು ಅರ್ಧ ತೋಟ ಮಾರಿದ್ದ. ಯಾರನ್ನು ಬೈಯಬೇಕೆಂದು ಅವನಿಗೆ ಗೊತ್ತಿರಲಿಲ್ಲ, ಮಳೆಯನ್ನು ಬೈದಿದ್ದ.

ಕಾಫಿ ಇಲ್ಲಿಗೆ ಬಂದ ದಾರಿಯ ಬಗ್ಗೆ ಹೊರಗೆ ಮೆಟ್ಟಿಲ ಮೇಲೆ ಕುಳಿತು ಮಾತಾಡಿದೆವು. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ಬಚ್ಚಿಟ್ಟುಕೊಂಡು ತಂದು ನಮ್ಮ ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಹದಿನೇಳನೆಯ ಶತಮಾನದ ಕಥೆ. ಮಲಬಾರಿನಿಂದ ಡಚ್ಚರು 1696ರಲ್ಲಿ ಜಾವಾಕ್ಕೆ ಗಿಡ ಒಯ್ದರು, ಅವು ಪ್ರವಾಹಕ್ಕೆ ಹೋದವು, 1699ರಲ್ಲಿ ಮತ್ತೆ ಒಯ್ದರು. ಜಾವಾದಿಂದ 1706ರಲ್ಲಿ ಆಮ್‌ಸ್ಟರ್‌ಡ್ಯಾಮ್, ಅಲ್ಲಿಂದ 1714ರಲ್ಲಿ ಪ್ಯಾರಿಸ್ಸಿನ ದೊರೆಗೆ ಒಂದು ಗಿಡದ ಉಡುಗೊರೆ, ಆಮೇಲೆ ದಕ್ಷಿಣ ಅಮೆರಿಕದ ಸುರಿನಾಮ್, ಗಯಾನಾ. 1727ರಲ್ಲಿ ಫ್ರಾನ್ಸಿಸ್ಕೊ ಡಿ ಮೆಲೊ ಪಲ್ಯೇಟಾ ಎಂಬ ಅಧಿಕಾರಿ ಫ್ರೆಂಚ್ ಗಯಾನಾದಿಂದ ಬ್ರೆಜಿಲ್‌ಗೆ ತಂದ. ಅಲ್ಲಿಯ ಗವರ್ನರನ ಹೆಂಡತಿ ಹೂಗುಚ್ಛದಲ್ಲಿ ಸಸಿ ಅಡಗಿಸಿ ಕೊಟ್ಟಳು ಎಂದು ಇಲ್ಲಿಯವರೂ ಬಾಯಿ ತುಂಬ ಹೇಳುತ್ತಾರೆ.

"ನಿಮ್ಮ ಬೆಳೆ ಕದ್ದು ಓಡಾಡಿದ್ದೇ ಹೆಚ್ಚು" ಎಂದರು ಭಾವ. ಜೇಬಿನಿಂದ ಕೆಂಪು ದಾರ ತೆಗೆದರು, ಭೂಗೋಳವಿರಲಿಲ್ಲ. ಮತ್ತೆ ಜೇಬಿಗೆ ಹಾಕಿಕೊಂಡರು.

ನಾಲ್ಕನೆಯ ದಿನ: ವರ್ಜಿನ್ಯಾ

ಉತ್ತರಕ್ಕೆ ಮುನ್ನೂರಿಪ್ಪತ್ತು ಕಿಲೋಮೀಟರ್ ಕಾರಿನಲ್ಲಿ. ಚಿಕ್ಕಮಗಳೂರಿನ ಪರಿಚಯದ ರಫ್ತು ವ್ಯಾಪಾರಿಯೊಬ್ಬರು ವರ್ಜಿನ್ಯಾದ ಹತ್ತಿರ ತೋಟ ನೋಡಲು ಏರ್ಪಾಡು ಮಾಡಿದ್ದರು. ಮಿನಾಸ್ ಜೆರೈಸ್ ರಾಜ್ಯ. ಬ್ರೆಜಿಲ್ ಕಾಫಿಯ ಸುಮಾರು ಅರ್ಧ ಬೆಳೆಯುವುದು ಇಲ್ಲೇ. ದಾರಿಯಲ್ಲಿ ಮರಗೆಣಸಿನ ಹಿಟ್ಟು, ಚೀಸ್ ಸೇರಿಸಿ ಸುಟ್ಟ ಉಂಡೆಗಳನ್ನು ತಿಂದೆವು. ಬಿಸಿಯಾಗಿದ್ದಾಗ ಬಹಳ ರುಚಿ, ಆರಿದ ಮೇಲೆ ರಬ್ಬರು.

ವರ್ಜಿನ್ಯಾ ಕಾಫಿಗಿಂತ ಬೇರೆ ಕಾರಣಕ್ಕೆ ಹೆಸರುವಾಸಿ. 1996ರ ಜನವರಿಯಲ್ಲಿ ಇಲ್ಲಿ ಅನ್ಯಗ್ರಹದ ಜೀವಿಯೊಂದು ಕಾಣಿಸಿತು ಎಂದು ಗುಲ್ಲೆದ್ದು, ಊರಿನವರು ಅದನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ಪೇಟೆಯ ನಡುವಿನ ನೀರಿನ ಟ್ಯಾಂಕು ಹಾರುವ ತಟ್ಟೆಯ ಆಕಾರದ್ದು. ರಾತ್ರಿ ದೀಪ ಹಾಕುತ್ತಾರೆ. ಜೀವಮಾನವಿಡೀ ಆಕಾಶದ ಕಡೆಯೇ ಗಮನವಿಟ್ಟ ಭಾವ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು.

"ಹಾಸನದಿಂದ ಕಳಿಸಿದ ಆಜ್ಞೆ ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಕ್ಕೆ ಹೋಗುವುದಕ್ಕೆ ಸೆಕೆಂಡಿನಲ್ಲಿ ಎಂಟನೆಯ ಒಂದು ಪಾಲು ಸಾಕಿತ್ತು" ಎಂದರು. "ಅದರ ಅರ್ಧಕ್ಕಿಂತ ಕಡಿಮೆ ದೂರಕ್ಕೆ ನನ್ನ ಸೊಂಟ ಇನ್ನೂ ಸರಿಹೋಗಿಲ್ಲ."

ಐದನೆಯ ದಿನ: ನೆರಳಿಲ್ಲದ ತೋಟ

ಬೆಳಿಗ್ಗೆ ಒಂಬತ್ತು ಡಿಗ್ರಿ. ನಾನು ಮೊದಲು ನೋಡಿದ್ದು ನೆಲವನ್ನು, ಹುಲ್ಲಿನ ಮೇಲೆ ಬಿಳುಪು ಕಟ್ಟಿದೆಯೇ ಎಂದು. ಇರಲಿಲ್ಲ. ಬರೀ ಇಬ್ಬನಿ.

ತೋಟ ಎನ್ನಲು ನಾಲಿಗೆ ಏಳಲಿಲ್ಲ. ನಮ್ಮಲ್ಲಿ ತೋಟವೆಂದರೆ ಮೇಲೆ ಅತ್ತಿ, ಹಲಸು, ಸಿಲ್ವರ್ ಓಕ್. ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಕೆಳಗೆ ನೆರಳಿನಲ್ಲಿ ಕಾಫಿ. ಇಲ್ಲಿ ಬಟಾಬಯಲು. ಕೆಂಪು ಮಣ್ಣಿನ ಗುಡ್ಡಗಳ ಮೇಲೆ ಬಾಚಣಿಗೆಯಲ್ಲಿ ಬಾಚಿದಂತೆ ಸಾಲು ಸಾಲು ಕಾಫಿ, ಒಂದು ಮರವಿಲ್ಲ. ಬಿಸಿಲು ನೇರವಾಗಿ ಎಲೆಯ ಮೇಲೆ. ಗಿಡಗಳು ಬುಡದಿಂದ ತುದಿಯವರೆಗೆ ಹಣ್ಣು ಹೊತ್ತಿದ್ದವು. ನಮ್ಮ ಅರೇಬಿಕಾದ ಎಕರೆ ಇಳುವರಿಯ ಮೂರು ಪಟ್ಟಿಗೂ ಹೆಚ್ಚು ಇವರದು. ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು, ಸುಳ್ಳೇಕೆ ಹೇಳಲಿ.

ಆಗ ಯಂತ್ರ ಬಂತು. ಎರಡು ಗೋಡೆಗಳ ಮೇಲೊಂದು ಮಾಳಿಗೆ ಇಟ್ಟ ಹಾಗೆ ಎತ್ತರದ ಗಾಡಿ. ಸಾಲಿನ ಎರಡೂ ಬದಿಗೆ ಚಕ್ರ ಇಟ್ಟು ಗಿಡಗಳ ಮೇಲೆಯೇ ಕಾಲಗಲಿಸಿ ಸಾಗುತ್ತದೆ. ಒಳಗೆ ನೂರಾರು ಕೋಲುಗಳು ನಡುಗುತ್ತ ಗಿಡವನ್ನು ತಡವುತ್ತವೆ, ಹಣ್ಣು ಉದುರಿ ಪಟ್ಟಿಯ ಮೇಲೆ ಸಾಗಿ ಪಕ್ಕದ ಲಾರಿಗೆ ಬೀಳುತ್ತದೆ. ಹಣ್ಣು, ಕಾಯಿ, ಎಲೆ ಎಂಬ ಭೇದವಿಲ್ಲ. ಚಾಲಕನೊಬ್ಬನೇ, ಕಿವಿಗೆ ಹಾಡು ಹಾಕಿಕೊಂಡು. ನಮ್ಮ ತೋಟದಲ್ಲಿ ಕೊಯ್ಲಿಗೆ ಹತ್ತು ಆಳು ಹೊಂದಿಸಲು ನಾನು ಪಡುವ ಪಾಡು ಕಣ್ಣಿಗೆ ಕಟ್ಟಿತು. ಹಾಗೆಂದು ಆಲ್ದೂರಿನ ನಮ್ಮ ಇಳಿಜಾರಿನಲ್ಲಿ, ಆ ಮರಗಳ ನಡುವೆ, ಈ ಗಾಡಿಯನ್ನು ತಂದು ನಿಲ್ಲಿಸಲೂ ಜಾಗವಿಲ್ಲ. ಬೇಕೆಂದರೆ ಮರಗಳನ್ನು ಕಡಿಯಬೇಕು. ಬೇಡ ಎನ್ನಿಸಿತು. ಆ ಬಯಲಿನಲ್ಲಿ ಗಂಟೆಗಟ್ಟಲೆ ನಡೆದರೂ ಒಂದು ಮಂಗಟ್ಟೆಯ ರೆಕ್ಕೆಯ ಸದ್ದು ಕೇಳಲಿಲ್ಲ.

ಕಣ ಮಾತ್ರ ನಮ್ಮದರ ಹಾಗೆಯೇ, ಹತ್ತು ಪಟ್ಟು ದೊಡ್ಡದು. ಒಬ್ಬ ಮುದುಕ ಮರದ ಹಲುಬೆಯಿಂದ ಹಣ್ಣು ಕೆದಕುತ್ತಿದ್ದ. ನಾನು ಒಂದು ಹಿಡಿ ತೆಗೆದು ಮೂಸಿ, ಒಂದನ್ನು ಹಲ್ಲಿನಲ್ಲಿ ಕಚ್ಚಿ ನೋಡಿದೆ. ಅವನು ಕೆಲಸ ನಿಲ್ಲಿಸಿ ನಕ್ಕ. ಇವನು ಪ್ರವಾಸಿ ಅಲ್ಲ ಎಂದು ಗೊತ್ತಾಯಿತೆಂದು ಕಾಣುತ್ತದೆ. ಮೊಬೈಲಿನ ಅನುವಾದದ ಮೂಲಕ ಎಲ್ಲಿಂದ ಬಂದಿರಿ ಎಂದು ಕೇಳಿದ. ಭಾರತ ಎಂದೆವು. ಎಷ್ಟು ದೂರ ಎಂದ. ಭಾವ ಉತ್ಸಾಹದಿಂದ ಡೈರಿ ತೆರೆದು 14,050 ಎಂಬುದನ್ನು ತೋರಿಸಿದರು. ಮುದುಕ ಅಂಕಿಯನ್ನು ನೋಡಿ ತಲೆಯಾಡಿಸಿ, ಇನ್ನೊಂದು ಪ್ರಶ್ನೆ ಕೇಳಿದ. ಮೊಬೈಲ್ ಹೇಳಿತು: "ಅದು ಸರಿ, ಎಷ್ಟು ಗಂಟೆ?"

ನಮ್ಮಲ್ಲೂ ಯಾರೂ ಕಿಲೋಮೀಟರ್ ಕೇಳುವುದಿಲ್ಲ. ಕೊಪ್ಪಕ್ಕೆ ಎಷ್ಟು ದೂರ ಎಂದರೆ ಒಂದೂವರೆ ಗಂಟೆ ಎನ್ನುತ್ತೇವೆ. ಪಕ್ಕದ ಮನೆಗೆ ಕೂಗಳತೆ.

ಹೊರಡುವಾಗ ತೋಟದವರು ಕುಳ್ಳ ಲೋಟದಲ್ಲಿ ಹಾಲಿಲ್ಲದ, ಸಕ್ಕರೆ ಸುರಿದ ಕಾಫಿ ಕೊಟ್ಟರು. ಕಫೆಜಿನ್ಯೊ ಎನ್ನುತ್ತಾರೆ. ಭಾವ ಹಾಲು ಸಿಗಬಹುದೇ ಎಂದು ಕೇಳಿದ್ದು ನನಗೆ ಸ್ವಲ್ಪ ನಾಚಿಕೆಯಾಯಿತು. ಅಲ್ಲಿಯ ಹಳದಿ ಹಣ್ಣಿನ ಕಟುವಾಯಿ ತಳಿಯ ಗಿಡದ ಬುಡದಲ್ಲಿ ಏಳು ಹಣ್ಣು ಬಿದ್ದಿದ್ದವು. ಆಣೆ ಮಾಡಿ ಹೇಳುತ್ತೇನೆ, ಎಣಿಸಿದೆ. ಅನುಮತಿಯಿಲ್ಲದೆ ಬಿತ್ತನೆಯ ಬೀಜ ತರುವಂತಿಲ್ಲ, ಸಸ್ಯ ಸಂಪರ್ಕತಡೆಯ ಕಾನೂನಿದೆ. ಅದು ಇರಬೇಕಾದದ್ದೇ, ಅಲ್ಲಿಯ ರೋಗ ಇಲ್ಲಿಗೆ ಬಂದರೆ ಇಡೀ ಜಿಲ್ಲೆ ಅಳಬೇಕಾಗುತ್ತದೆ. ಕೈ ಹಿಂದೆ ಕಟ್ಟಿಕೊಂಡು ಕಾರು ಹತ್ತಿದೆ.

ಆರು, ಏಳು

ಆರನೆಯ ದಿನ ಉಗ್ರಾಣಗಳು. ಇವರು ಅರವತ್ತು ಕಿಲೋ ಚೀಲದ ಲೆಕ್ಕದಲ್ಲಿ ಮಾತಾಡುತ್ತಾರೆ, ನಾವು ಐವತ್ತು ಕಿಲೋದ್ದು. ದಿನವಿಡೀ ನಾನು ಐದನೆಯ ಆರರಿಂದ ಗುಣಿಸುತ್ತಲೇ ಇದ್ದೆ. ಏಳನೆಯ ದಿನ ಸಾವೊ ಪಾಲೊಗೆ ವಾಪಸ್. ಕೋಡುಬಳೆ ಖಾಲಿ.

ಎಂಟು, ಒಂಬತ್ತು: ತುಂಡು ಹಗಲು

ರಾತ್ರಿ ಒಂದೂ ಇಪ್ಪತ್ತೈದಕ್ಕೆ ಹೊರಟ ವಿಮಾನ ಅದೇ ದಿನ ರಾತ್ರಿ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ದುಬೈಯಲ್ಲಿತ್ತು. ಹದಿನಾಲ್ಕು ಗಂಟೆ ಇಪ್ಪತ್ತೈದು ನಿಮಿಷ. ಹೋಗುವಾಗ ಎದುರಾಗಿದ್ದ ಗಾಳಿ ಈಗ ಬೆನ್ನಿಗಿತ್ತು. ಅರ್ಧ ಗಂಟೆಗೂ ಹೆಚ್ಚು ಉಳಿಯಿತು. ಹೋಗುವಾಗ ಹತ್ತೊಂಬತ್ತು ಗಂಟೆಯಾದರೂ ಮುಗಿಯದಿದ್ದ ಹಗಲು ಬರುವಾಗ ಅಟ್ಲಾಂಟಿಕ್ ನಡುವೆ ಹುಟ್ಟಿ, ಆಫ್ರಿಕಾ ದಾಟುವುದರೊಳಗೆ, ಎಂಟೊಂಬತ್ತು ಗಂಟೆಯಲ್ಲಿ ಮುಗಿದುಹೋಯಿತು. ಭಾವ ಇದನ್ನು ಜಮಾ-ಖರ್ಚಿನ ಹಾಗೆ ಬರೆದರು. ಆಮೇಲೆ ಪ್ರಯಾಣದಲ್ಲಿ ಮೊದಲ ಬಾರಿಗೆ ಪರದೆ ಆರಿಸಿ ಗೊರಕೆ ಹೊಡೆದರು.

ಬೆಂಗಳೂರಿನಲ್ಲಿ ಇಳಿದ ಕೂಡಲೇ ಆರೋಗ್ಯ ತಪಾಸಣೆಯ ಮೇಜಿನಲ್ಲಿ ಹಳದಿ ಪುಸ್ತಕ ತೋರಿಸಿ ಹೊರಬಂದೆವು. ಹಾಸನದಲ್ಲಿ ಅಜ್ಜಿ ಬಾಗಿಲಲ್ಲೇ ಕೂತಿದ್ದರು. ಬುತ್ತಿ ಸಾಕಾಯಿತೇ ಎಂದು ಕೇಳಿದರು. ಭಾವ ಚಪ್ಪಲಿ ಬಿಡುವ ಮೊದಲು ಜೇಬಿನಿಂದ ಕೆಂಪು ದಾರ ತೆಗೆದು ಅಕ್ಕನ ಕೈಗೆ ಕೊಟ್ಟರು. ಅದರಲ್ಲಿ ಈಗ ಮೂರು ಗಂಟುಗಳಿದ್ದವು. ಎರಡನೆಯ ಗಂಟು ದುಬೈ ಇರಬೇಕು. ಮೂರನೆಯದನ್ನು ಯಾವಾಗ ಹಾಕಿದರೋ ನಾನು ಕೇಳಲಿಲ್ಲ.

ಬೇಲೂರು ದಾಟಿದ ಮೇಲೆ ಮಳೆ. ಚಿಕ್ಕಮಗಳೂರಿನಿಂದ ಆಲ್ದೂರಿಗೆ ಬರುವ ರಸ್ತೆಗೆ ಅಡ್ಡವಾಗಿ ಸಿಲ್ವರ್ ಓಕ್ ಮರವೊಂದು ಬಿದ್ದು, ಕಡಿದು ಸರಿಸುವವರೆಗೆ ಮುಕ್ಕಾಲು ಗಂಟೆ ಕಾರಿನಲ್ಲೇ ಕುಳಿತೆ. ನನ್ನ ಹಿಂದೆಯೇ ಜೀಪಿನಲ್ಲಿ ನಿಂತಿದ್ದ ಪಕ್ಕದ ತೋಟದವರು ಕೊಡೆ ಹಿಡಿದು ಬಂದು ಕಿಟಕಿಗೆ ಬಗ್ಗಿದರು. ಬ್ರೆಜಿಲ್ ಹೇಗಿದೆ, ಪ್ರಯಾಣ ಹೇಗಾಯಿತು ಎಂಬ ಮಾತೇ ಇಲ್ಲ.

"ಫ್ರಾಸ್ಟ್ ಲಕ್ಷಣ ಇದೆಯೇನ್ರಿ ಅಲ್ಲಿ?"

"ಒಂಬತ್ತು ಡಿಗ್ರಿ ಇತ್ತು. ಇಬ್ಬನಿ ಅಷ್ಟೇ."

"ಒಂಬತ್ತಾ" ಎಂದರು. ಮುಖ ಸ್ವಲ್ಪ ಇಳಿಯಿತು. "ಇರಲಿ ಬಿಡಿ, ಜುಲೈ ಇನ್ನೂ ಬರಬೇಕಲ್ಲ."

ಮನೆ ಸೇರಿದಾಗ ಕತ್ತಲಾಗಿತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹೆಂಡತಿ ಪ್ರತಿ ದಿನದ ಚೌಕದಲ್ಲೂ ಬರೆದಿಟ್ಟಿದ್ದಳು: ಒಂದು ಇಂಚು ಹತ್ತು ಸೆಂಟ್, ಎಂಬತ್ತು ಸೆಂಟ್, ಎರಡು ಇಂಚು ಐದು ಸೆಂಟ್ (ನೂರು ಸೆಂಟ್‌ಗೆ ಒಂದು ಇಂಚು). ಐದನೆಯ ದಿನದ ಚೌಕ ಖಾಲಿ. ಏನಾಯಿತು ಎಂದೆ.

"ಆವತ್ತು ನೀವು ಫೋನ್ ಮಾಡಿರಲಿಲ್ಲ" ಎಂದಳು.